ಗೋಡೆಯಾಚೆಯ ರೊಟ್ಟಿ

ಹೊಸಪೇಟೆಯ ಒಂದು ಕಚೇರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಜನ ಬೇಕಾಗಿದೆಯೆಂದು ತಿಳಿದು ಉಚ್ಚಂಗೆಮ್ಮ ಸಂದರ್ಶನಕ್ಕೆ ಹೋಗಿದ್ದಳು. ಟೈಪಿಂಗ್ ಬರುತ್ತದೆಯೇ ಎಂದು ಕೇಳಿದರು. ಸೀನಿಯರ್ ಪಾಸಾಗಿದೆ ಎಂದಳು. ಅನುಭವ ಏನಿದೆ ಎಂದು ಕೇಳಿದರು. ಅವಳು ಟೈಪಿಂಗಿನ ಸರ್ಟಿಫಿಕೇಟನ್ನೇ ಇನ್ನಷ್ಟು ಮುಂದೆ ಸರಿಸಿದಳು.

"ಮದುವೆಯಾದ ಮೇಲೆ ಇಷ್ಟು ವರ್ಷ ಏನು ಮಾಡ್ತಿದ್ರಿ?"

"ಮನಿ ಕೆಲಸ ರಿ."

ಮೇಜಿನ ಆಚೆ ಕೂತಿದ್ದವರು ಅವಳ ಅರ್ಜಿಯ ಮೇಲೆ 'ಏನೂ ಇಲ್ಲ' ಎಂದು ಬರೆದುಕೊಂಡರು. ತಲೆಕೆಳಗಾದ ಅಕ್ಷರವನ್ನೂ ಓದಬಲ್ಲವಳಾದ್ದರಿಂದ ಅವಳಿಗೆ ಅದು ಕಂಡಿತು. ಆವತ್ತು ಬೆಳಿಗ್ಗೆ ಬಸ್ಸಿಗೆ ಬರುವ ಮುಂಚೆ ಅವಳು ಕಸ ಗುಡಿಸಿ, ಬೋರಿನಿಂದ ನೀರು ಹೊತ್ತು, ಮನೆಮಂದಿಗೆಲ್ಲ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ, ಸೀರೆ ಬದಲಿಸಿ ಹೊರಟಿದ್ದಳು. ಇದೆಲ್ಲ ಸೇರಿ 'ಏನೂ ಇಲ್ಲ' ಆಗಿತ್ತು. ಉಚ್ಚಂಗೆಮ್ಮನಿಗೆ ಅಳು ಬರುವುದು ಕಡಿಮೆ, ಸಿಟ್ಟು ಬರುವುದು ಹೆಚ್ಚು. ಸಿಟ್ಟು ಬಂದರೆ ಹಸಿವಾಗುತ್ತದೆ. ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ತಿಂದು, ಕೈ ಒರೆಸಿಕೊಂಡು ಕೊಟ್ಟೂರಿನ ಬಸ್ಸು ಹತ್ತಿದಳು.

ಅವಳ ತವರು ತೆಲಿಗಿ. ಅಪ್ಪ ಹುಲುಗಣ್ಣ ಟೆಲಿಫೋನ್ ಕಂಬ ನೆಡುವ ಗ್ಯಾಂಗಿನಲ್ಲಿ ಕೂಲಿಯಾಗಿದ್ದ. ಎಪ್ಪತ್ತರ ದಶಕದಲ್ಲಿ ಹರಪನಹಳ್ಳಿಯಿಂದ ಹಳ್ಳಿಹಳ್ಳಿಗೆ ತಂತಿ ಎಳೆಯುವಾಗ ಬುತ್ತಿ ಕೊಡಲು ಹೋಗುತ್ತಿದ್ದ ಹುಡುಗಿ, ಅಪ್ಪ ಉಣ್ಣುವಷ್ಟು ಹೊತ್ತು ಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು. ಒಳಗೆ ಗುಂಯ್ ಎನ್ನುವ ಸದ್ದು. "ಅದು ಗಾಳಿ ಕಣವ್ವಾ, ಮಾತಲ್ಲ" ಎಂದು ಅಪ್ಪ ಹೇಳಿದರೂ ಅವಳು ನಂಬಲಿಲ್ಲ. ಈ ಊರಿನ ಸದ್ದು ಆ ಊರಿನಲ್ಲಿ ಹೇಗೆ ಕೇಳುತ್ತದೆ ಎಂಬ ಪ್ರಶ್ನೆ ಅಲ್ಲಿಂದಲೇ ಅವಳ ತಲೆಯೊಳಗೆ ಹೊಕ್ಕಿತ್ತು. ಎಸ್ಸೆಸ್ಸೆಲ್ಸಿ ಮುಗಿಸಿದಳು, ಟೈಪಿಂಗ್ ಕಲಿತಳು, ಕೊಟ್ಟೂರಿನ ಹತ್ತಿ ಗಿರಣಿಯ ಫಿಟ್ಟರ್ ಗಾದಿಲಿಂಗಪ್ಪನ ಕೈ ಹಿಡಿದಳು. ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು.

ಎಂಬತ್ತೇಳರ ಶೇಂಗಾ ಸುಗ್ಗಿಯ ಹೊತ್ತಿಗೆ ಅವಳ ದಾರಿ ತೆರೆಯಿತು. ಕೊಟ್ಟೂರಿನ ಶೇಂಗಾ ಬೆಳೆಗಾರರ ಸಂಘಕ್ಕೆ ಬಳ್ಳಾರಿಯ ದೊಡ್ಡ ಕಚೇರಿಯಿಂದ ಒಂದು ಕಂಪ್ಯೂಟರ್ ಬಂತು. ಅದರ ಜೊತೆಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಎರಡು ರಬ್ಬರ್ ಬಟ್ಟಲು. ಬಳ್ಳಾರಿಗೆ ಟ್ರಂಕ್ ಕಾಲ್ ಹಚ್ಚಿ, ಫೋನಿನ ರಿಸೀವರನ್ನು ಆ ಬಟ್ಟಲುಗಳಲ್ಲಿ ಬೋರಲು ಮಲಗಿಸಬೇಕು. ಆಗ ಪೆಟ್ಟಿಗೆ ಫೋನಿನ ಬಾಯೊಳಗೆ ಸಿಳ್ಳೆ ಹಾಕುತ್ತದೆ. ಬಳ್ಳಾರಿಯ ಪೆಟ್ಟಿಗೆ ಆ ಸಿಳ್ಳೆಯನ್ನು ಕೇಳಿ ಮತ್ತೆ ಅಂಕಿ ಮಾಡಿಕೊಳ್ಳುತ್ತದೆ. ಹೀಗೆ ಹಿಂದಿನ ದಿನ ಬಂದ ಮಾಲೆಷ್ಟು, ಧಾರಣೆಯೆಷ್ಟು ಎಂಬುದು ಮಾರುಕಟ್ಟೆ ತೆರೆಯುವ ಮುಂಚೆ ಅಲ್ಲಿಗೆ ಮುಟ್ಟಬೇಕು. ಹಗಲು ಟ್ರಂಕ್ ಲೈನುಗಳಲ್ಲಿ ಗದ್ದಲ ಹೆಚ್ಚು. ಆದ್ದರಿಂದ ಬೆಳಗಿನ ಆರಕ್ಕೆ ಕಳಿಸಬೇಕೆಂದು ನಿಗದಿಯಾಯಿತು.

ಸಂಘದ ಗಂಡಸರಾರಿಗೂ ಆ ಹೊತ್ತು ಒಗ್ಗಲಿಲ್ಲ. ಕಾರ್ಯದರ್ಶಿ ಸೋಮಪ್ಪ ಊರಿನಲ್ಲಿ ಟೈಪಿಂಗ್ ಬಲ್ಲವರನ್ನು ಹುಡುಕಿದಾಗ ಉಚ್ಚಂಗೆಮ್ಮ ತಾನಾಗಿ ಹೋಗಿ ನಿಂತಳು. ಅವನು ಮುಚ್ಚುಮರೆ ಮಾಡಲಿಲ್ಲ.

"ನೋಡಮ್ಮ, ಇದು ಸಂಕ್ರಾಂತಿ ತನಕ ಪರೀಕ್ಷಾ. ಲೈನ್ ಸರಿ ನಡೀತು ಅಂದ್ರ ಕೂಡ್ಲಿಗಿ, ಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಾ ಕಡಿ ಹಾಕ್ತಾರ. ಹಾಕಾಕ, ಕಲಿಸಾಕ ಅನುಭವ ಇದ್ದವ್ರು ಒಬ್ರು ಬೇಕಾಕೈತಿ. ಆ ಕೆಲಸ ಕಾಯಂ. ನಡೀಲಿಲ್ಲಂದ್ರ ಪೆಟಗಿ ವಾಪಸ್, ನೀನೂ ಮನಿಗೆ."

ಅನುಭವ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವಳು ಒಪ್ಪಿಯಾಗಿತ್ತು.

ಮನೆಯಲ್ಲಿ ಮಾತು ಎತ್ತಿದ್ದು ಉಣ್ಣುವ ಹೊತ್ತಿನಲ್ಲಿ. ಬೆಳಗಿನ ಆರು ಗಂಟೆಯೆಂದರೆ ಆ ಮನೆಯಲ್ಲಿ ರೊಟ್ಟಿಯ ಹೊತ್ತು. ಗಾದಿಲಿಂಗಪ್ಪ ಏಳಕ್ಕೆ ಗಿರಣಿಗೆ ಹೊರಡಬೇಕು, ಮಾವ ಬೊಮ್ಮಪ್ಪನಿಗೆ ಬಿಸಿ ರೊಟ್ಟಿಯಿಲ್ಲದೆ ಹಗಲು ಶುರುವಾಗುವುದಿಲ್ಲ.

"ಇನ್ನೊಂದು ತಾಸು ಮುಂಚೆ ಏಳು, ಅಷ್ಟ ಅಲ್ಲೇನು" ಎಂದ ಗಂಡ.

"ಸಂಜಿಗೇ ಬಡದಿಟ್ಟು ಹೋಗವಾ" ಎಂದ ಮಾವ. ಆಮೇಲೆ ನೆನಪು ಮಾಡಿಕೊಂಡು, "ಆದ್ರ ತಂಗಳ ರೊಟ್ಟಿ ನನ್ನ ಹಲ್ಲಿಗೆ ಆಗಂಗಿಲ್ಲ" ಎಂದೂ ಸೇರಿಸಿದ.

"ನಾ ಬಡೀತೀನಿ ಬಿಡ್ರಿ" ಎಂದಳು ಅತ್ತೆ ಬಸಲಿಂಗಮ್ಮ. ಒಗೆದ ಸೀರೆಯನ್ನು ತಂತಿಯ ಮೇಲೆ ಎಸೆಯಲೂ ಅವಳ ಬಲಗೈ ಏಳುತ್ತಿರಲಿಲ್ಲ. ವರ್ಷಗಟ್ಟಲೆ ರೊಟ್ಟಿ ಬಡಿದ ಭುಜ ಅದು.

ಮೂವರೂ ಒಂದೊಂದು ದಾರಿ ಹೇಳಿದ್ದರು. ಎಲ್ಲ ದಾರಿಗಳೂ ಹೆಂಗಸಿನ ಭುಜಕ್ಕೇ ಬಂದು ನಿಲ್ಲುತ್ತವಲ್ಲ ಎಂದು ಉಚ್ಚಂಗೆಮ್ಮನಿಗೆ ಅನ್ನಿಸಿತು. ಬುಟ್ಟಿಯಲ್ಲಿದ್ದ ರೊಟ್ಟಿ ಹರಿದು ಎಲ್ಲರ ತಾಟಿಗೂ ಹಾಕಿ ಹೇಳಿದಳು:

"ಸಂಘದ ಪಕ್ಕದಾಗ ಸುಂಕಮ್ಮನ ಖಾನಾವಳಿ ಐತಿ. ಅಕಿ ಕೈ ರೊಟ್ಟಿ ಚೊಲೋ ಇರ್ತಾವು. ನಮ್ಮನಿಗೂ ಬಡಿಯಾಕ ಹೇಳ್ತೀನಿ. ಇವ್ರು ಸೈಕಲ್ ಮ್ಯಾಲೆ ಹೋಗಿ ತರ್ಲಿ."

"ಕೊಂಡ ರೊಟ್ಟಿನಾ?" ಬೊಮ್ಮಪ್ಪನ ತುತ್ತು ನಿಂತಿತು. "ಮನ್ಯಾಗ ಇಬ್ರು ಹೆಂಗಸ್ರನ್ನ ಇಟ್ಕೊಂಡು? ಮಂದಿ ಏನಂತಾರ?"

"ಮಂದಿ ಏನಂತಾರಂತ ಮಂದೀನ ಕೇಳ್ರಿ ಮಾವಾರ. ಆರಕ್ಕ ನಾ ಅಲ್ಲಿ ಇರಾಕಬೇಕು."

ಗಾದಿಲಿಂಗಪ್ಪ ಕೇಳಿದ, "ಹಂಗಾರ ಸುಂಕಮ್ಮಗ ರೊಕ್ಕ ನಿನ್ನ ಪಗಾರದಾಗ ಕೊಡ್ತೀಯಾ?"

"ರೊಟ್ಟಿ ನಾನೊಬ್ಬಾಕೀನ ತಿಂತೀನೇನ್ರಿ?"

ಬಸಲಿಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗೆ ಮಾತ್ರ ಕಣ್ಣಿನಲ್ಲಿ ಹೊರಗೆ ಬಂತು. ಆ ನಗೆಯಲ್ಲಿ ಮಾತು ಮುಗಿಯಿತು.

ಆದರೂ ಒಪ್ಪಂದ ಕೂಡಲೇ ಜಾರಿಗೆ ಬರಲಿಲ್ಲ. ಸುಂಕಮ್ಮ ಒಲೆ ಹಚ್ಚುತ್ತಿದ್ದುದೇ ಏಳರ ಮೇಲೆ. ಇವರಿಗಾಗಿ ಆರಕ್ಕೆ ಹಚ್ಚಲು ಇನ್ನೊಂದು ಹಂಚು, ಒಂದು ಚೀಲ ಜೋಳ ಬೇಕು, ವಾರೊಪ್ಪತ್ತು ತಡಿಯಮ್ಮ ಎಂದಳು. ಅಲ್ಲಿಯವರೆಗೆ ಉಚ್ಚಂಗೆಮ್ಮ ಮುಂಚೆಯೇ ಎದ್ದು ಬಡಿದಿಟ್ಟು ಓಡಿದಳು. ಆ ದಿನಗಳಲ್ಲಿ ಬಳ್ಳಾರಿಯ ಎಂಜಿನಿಯರ್ ಜೊತೆಗಿದ್ದು ಕಲಿಸಿದ. ಒಳ್ಳೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಹೋಗುವಾಗ ಒಂದು ಮಾತು ಹೇಳಿದ: "ಲೈನು ಕೆಟ್ಟರೆ ಗಾಬರಿಯಾಗಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ. ಎರಡು ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ." ಕೆಲಸದ ಮಂತ್ರವೆಂದು ಅವಳು ಅದನ್ನು ಕಟ್ಟಿಟ್ಟುಕೊಂಡಳು.

ಬಳ್ಳಾರಿಯ ತುದಿಯಲ್ಲಿ ಕೂತಿರುತ್ತಿದ್ದವನು ಗಂಗಪ್ಪ. ಅವಳು ಅವನ ಮುಖ ಕಂಡಿರಲಿಲ್ಲ. ಅಂಕಿಗಳು ಹೋದ ಮೇಲೆ ರಿಸೀವರ್ ಎತ್ತಿ ಕೇಳಿದರೆ, "ಎಲ್ಲಾ ಬಂದಾವವಾ, ಶೇಂಗಾಕ್ಕ ಮಣ್ಣು ಸೈತ ಹತ್ತಿಲ್ಲ" ಎನ್ನುತ್ತಿದ್ದ.

ಸುಂಕಮ್ಮನ ಹೊಸ ಹಂಚು ಬಂತು. ಗಾದಿಲಿಂಗಪ್ಪ ಮೊದಲ ದಿನ ರೊಟ್ಟಿಯ ಗಂಟನ್ನು ಟವೆಲಿನಲ್ಲಿ ಮುಚ್ಚಿಕೊಂಡು ತಂದ, ಆಮೇಲೆ ಮುಚ್ಚುವುದನ್ನು ಬಿಟ್ಟ. ಬೊಮ್ಮಪ್ಪ ಮುಖ ಗಂಟಿಕ್ಕಿಕೊಂಡೇ ಇನ್ನೊಂದು ರೊಟ್ಟಿ ಕೇಳಿದ. ಬಸಲಿಂಗಮ್ಮನಿಗೆ ಬೆಳಗಿನ ಹೊತ್ತು ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಹೊಸ್ತಿಲಿನ ಮೇಲೆ ಚಹಾದ ಬಟ್ಟಲು ಹಿಡಿದು ಕೂತು, ಎದುರು ಮನೆಯವರು ಯಾರ್ಯಾರು ಯಾವಾಗ ಏಳುತ್ತಾರೆಂದು ಮದುವೆಯಾಗಿ ಬಂದ ಮೇಲೆ ಮೊದಲ ಬಾರಿಗೆ ನೋಡಿದಳು.

ಮನೆ ನೆಟ್ಟಗಾಯಿತು ಎನ್ನುವಷ್ಟರಲ್ಲಿ ಲೈನು ಕೆಟ್ಟಿತು.

"ಏನವಾ ಕೊಟ್ಟೂರು," ಎಂದ ಗಂಗಪ್ಪ ಆವತ್ತು, "ಉಜ್ಜಿನಿ ಶೇಂಗಾ ಧಾರಣಿ ಕೇಳಿದ್ರ ನಕ್ಷತ್ರ ಕಳಿಸೀಯಲ್ಲ. ಅದ್ರ ಬಾಜೂಕ ಒಂದು ಕೊಕ್ಕಿ. ಇದನ್ನ ತಕ್ಕೊಂಡು ಗಾಣಕ್ಕ ಹಾಕ್ಲ್ಯಾ?"

ಅಂಕಿಯ ಜಾಗದಲ್ಲಿ ನಕ್ಷತ್ರ, ಕೊಕ್ಕೆ, ಪ್ರಶ್ನೆಚಿಹ್ನೆ. ಎಲ್ಲವೂ ಕೆಟ್ಟಿರಲಿಲ್ಲ. ನಾಲ್ಕಾರು ಅಕ್ಷರ ಕೆಟ್ಟು, ಆಮೇಲೆ ಒಂದಷ್ಟು ಚೆನ್ನಾಗಿ ಹೋಗಿ, ಮತ್ತೆ ಗುಂಪಾಗಿ ಕೆಡುತ್ತಿದ್ದವು. ಉಚ್ಚಂಗೆಮ್ಮ ಎಂಜಿನಿಯರನ ಮಾತಿನಂತೆ ನಡೆದಳು. ಒಂದು ದಿನ ರಬ್ಬರ್ ಬಟ್ಟಲು ಒರೆಸಿದಳು. ಮರುದಿನ ಪೆಟ್ಟಿಗೆಯ ವಾಯರ್ ಬದಲಿಸಿದಳು. ಅದರ ಮರುದಿನ ಟೆಲಿಫೋನ್ ಲೈನ್‌ಮನ್ ಹನುಮಣ್ಣನನ್ನು ಕರೆಸಿ ಗೋಡೆಯ ಹೊರಗಿನ ಜೋಡಣೆ ಬಿಚ್ಚಿ ಕಟ್ಟಿಸಿದಳು. "ನಿಮ್ಮಪ್ಪ ನೆಟ್ಟ ಕಂಬಾನೂ ನೋಡಿ ಬಂದೆ, ನೆಟ್ಟಗ ಅದಾವ" ಎಂದ ಹನುಮಣ್ಣ. ನಕ್ಷತ್ರಗಳು ಬರುತ್ತಲೇ ಇದ್ದವು. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಶನಿವಾರದ ಒಳಗೆ ಸರಿಹೋಗದಿದ್ದರೆ ಪೆಟ್ಟಿಗೆ ಕಳಿಸಿಬಿಡಿ ಎಂದು ಬಳ್ಳಾರಿಯಿಂದ ಸೋಮಪ್ಪನಿಗೆ ಫೋನು ಬಂತು.

ಆ ವಾರದ ನಡುವೆ ಅಮಾವಾಸ್ಯೆ ಬಿತ್ತು. ಆ ಬೆಳಿಗ್ಗೆ ಒಂದಂಕಿಯೂ ಕೆಡಲಿಲ್ಲ.

"ಭಾಳ ಮಡಿ ಐತಿ ನಿಮ್ಮ ಮಿಷನ್ನು," ಎಂದ ಗಂಗಪ್ಪ. "ಅಮಾಸಿ ಹಿಡಿತೈತಿ. ನಾಳಿಗೂ ಉಪಾಸ ಹಾಕಿಬಿಡು."

ಉಚ್ಚಂಗೆಮ್ಮ ನಗಲಿಲ್ಲ. ಒಂದು ಬದಲಾಗಿದೆ, ಯಾವುದದು? ವಾಯರ್ ಅದೇ, ಪೆಟ್ಟಿಗೆ ಅದೇ, ಕರೆಂಟು ಅದೇ. ಕಚೇರಿಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದದ್ದು ಮನೆಯಲ್ಲಿ. ಅಮಾವಾಸ್ಯೆ ದಿನ ಹೊರಗಿನ ಒಲೆಯ ಅಡುಗೆ ಹೊಸ್ತಿಲು ದಾಟಬಾರದೆಂದು ಬೊಮ್ಮಪ್ಪನ ಕಟ್ಟಳೆ. ಗಿರಣಿಗೂ ರಜೆ. ಹೋಳಿಗೆಗೆ ಬೇಳೆ ಬೇಯಿಸುವುದು ತಡವಾಗಿ, ಅವಳು ವಾಪಸಾದ ಮೇಲೆ. ಬೆಳಿಗ್ಗೆ ರೊಟ್ಟಿಯೇ ಬೇಡವೆಂದು ಸುಂಕಮ್ಮನಿಗೆ ಹಿಂದಿನ ಸಂಜೆಯೇ ಹೇಳಿ ಬಂದಿದ್ದಳು.

ಮರುದಿನ ಆರಕ್ಕೆ ರಿಸೀವರನ್ನು ಬಟ್ಟಲಿನಲ್ಲಿ ಮಲಗಿಸಿ, ಮೇಜಿನ ಮೇಲೆ ಅಂಗೈ ಊರಿ ನಿಂತಳು. ಮೇಜು ಗೋಡೆಗೆ ಅಂಟಿಕೊಂಡಿತ್ತು. ಗೋಡೆಯ ಆಚೆ ಸುಂಕಮ್ಮನ ಅಡುಗೆಮನೆ. ತಪತಪ ತಪತಪ, ಅಂಗೈಗೆ ಬಂದು ತಾಗಿತು. ರೊಟ್ಟಿ ತಿರುಗುತ್ತಿದೆ. ನಿಂತಿತು. ರೊಟ್ಟಿ ಹಂಚಿಗೆ ಹೋಯಿತು. ಆಮೇಲೆ ಮತ್ತೆ ತಪತಪ. ಗಂಗಪ್ಪನನ್ನು ಕೇಳಬೇಕಾಗಿರಲಿಲ್ಲ. ಎಲ್ಲಿ ನಕ್ಷತ್ರ ಬೀಳುತ್ತದೆ, ಎಲ್ಲಿ ಅಂಕಿ ಸರಿಯಾಗುತ್ತದೆ ಎಂದು ಅವಳ ಕೈಗೆ ಗೊತ್ತಾಗುತ್ತಿತ್ತು. ಬಡಿತದ ಸದ್ದು ಗೋಡೆಯಿಂದ ಮೇಜಿಗೆ, ಮೇಜಿನಿಂದ ಬಟ್ಟಲಿಗೆ, ಬಟ್ಟಲಿನಿಂದ ಫೋನಿನ ಬಾಯಿಗೆ ಹೋಗಿ, ಸಿಳ್ಳೆಯ ನಡುವೆ ಸೇರಿಕೊಂಡು ಬಳ್ಳಾರಿ ಮುಟ್ಟುತ್ತಿತ್ತು.

ಇಷ್ಟು ದಿನ ಯಾಕೆ ಕೇಳಲಿಲ್ಲ? ಕೇಳಿದ್ದಳು. ಅವಳು ಕೇಳಿದ್ದಳು, ಸೋಮಪ್ಪ ಕೇಳಿದ್ದ, ಗೋಡೆಯ ಬುಡದಲ್ಲೇ ಕೂತು ಬೀಡಿ ಸೇದಿದ ಹನುಮಣ್ಣನೂ ಕೇಳಿದ್ದ. ಈ ಸೀಮೆಯಲ್ಲಿ ಹುಟ್ಟಿದವರಿಗೆ ಬೆಳಗಿನ ರೊಟ್ಟಿಯ ಸದ್ದು ಸದ್ದೆಂದೇ ಲೆಕ್ಕವಿಲ್ಲ. ಹೊತ್ತು ಹುಟ್ಟುವುದರ ಜೊತೆಗೆ ಅದೂ ತಾನಾಗಿ ಹುಟ್ಟುತ್ತದೆಂದು ತಿಳಿದವರು ಎಲ್ಲರೂ. ಅದರ ಹಿಂದೆ ಒಬ್ಬಳ ಕೈ ಇದೆಯೆಂದು ಯಾರಿಗೂ ನೆನಪಾಗುವುದಿಲ್ಲ. ಅದನ್ನೇ ಬಡಿದು ಬೆಳೆದ ತನಗೂ ನೆನಪಾಗಲಿಲ್ಲವಲ್ಲ ಎಂದು ಅವಳಿಗೆ ಕೆಡುಕೆನಿಸಿತು. ಅದೂ ಯಾರ ರೊಟ್ಟಿ? ತಾನು ಮನೆಯಲ್ಲಿ ಬಡಿಯದೆ ಬಿಟ್ಟು ಬಂದ ರೊಟ್ಟಿಯೇ ಗೋಡೆಯಾಚೆ ಬಂದು ಕೂತು ತನ್ನ ಕೆಲಸವನ್ನು ಬಡಿಯುತ್ತಿತ್ತು. ನಗು ಬಂತು. ಒಬ್ಬಳೇ ನಿಂತು ಚೆನ್ನಾಗಿ ನಕ್ಕಳು.

ಸೋಮಪ್ಪನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. ಗೋಡೆಯಾಚೆ ಸುಂಕಮ್ಮ ಗಿರಾಕಿಗಳಿಗೆ ಬಡಿಯುತ್ತಲೇ ಇದ್ದಳು, ಮೇಜಿನ ಮೇಲೆ ಕೈ ಇಟ್ಟು ನೋಡಿ ನಂಬಿದ.

"ಇಷ್ಟೇನಾ? ಹಂಗಾರ ಸುಂಕಮ್ಮಗ ಹೇಳ್ತೀನಿ ತಡಿ. ಏಳರ ತನಕ ಬಡೀಬ್ಯಾಡ ಅಂತ. ಸಂಘದ ಮಳಿಗ್ಯಾಗ ಅದಾಳ, ಕೇಳಲಾರದ ಏನು ಮಾಡ್ತಾಳ?"

ಸುಲಭದ ದಾರಿ ಅದೇ. ಒಂದು ಮಾತಿನಲ್ಲಿ ಲೈನು ಸರಿಹೋಗುತ್ತಿತ್ತು, ಅವಳ ಕೆಲಸ ಉಳಿಯುತ್ತಿತ್ತು. ಸುಂಕಮ್ಮನ ಹೊಸ ಹಂಚು ಗೋಡೆಗೆ ಒರಗುತ್ತಿತ್ತು. ತನ್ನ ಮನೆಯ ರೊಟ್ಟಿ ಮತ್ತೆ ಬಸಲಿಂಗಮ್ಮನ ಭುಜಕ್ಕೆ ಹೋಗುತ್ತಿತ್ತು. ಇದೂ ಸುತ್ತಿ ಸುತ್ತಿ ಅಲ್ಲಿಗೇ ಬಂತಲ್ಲ ಎಂದುಕೊಂಡಳು.

"ಅಕಿ ಬಡೀಲಿ ಬಿಡ್ರಿ," ಎಂದಳು. "ಹಡಗಲ್ಯಾಗ, ಕೂಡ್ಲಿಗ್ಯಾಗ ಪೆಟಗಿ ಇಡ್ತೀರಲ್ಲ, ಅಲ್ಲೆಲ್ಲಾ ರೊಟ್ಟಿ ಬಂದ್ ಮಾಡಸಾಕ ಆಕೈತೇನು? ರೊಟ್ಟಿ ಬಡಿಯೋ ಊರಾಗ ನಡಿಯೋ ಹಂಗ ನಮ್ಮ ಲೈನ್ ಇರ್ಬೇಕು. ಮೇಜು ಸರಸೋಣು."

"ಫೋನಿನ ವಾಯರ್ ಅಲ್ಲಿತನಕ ಮುಟ್ಟಂಗಿಲ್ಲಲ್ಲ. ಟೆಲಿಫೋನಿನವ್ರಿಗೆ ಬರದು, ಅವ್ರು ಬಂದು ಎಳಿಯೋದ್ರಾಗ ಯುಗಾದಿ ಆಕೈತಿ."

"ಎಷ್ಟು ಮುಟ್ಟತೈತೋ ಅಷ್ಟು ಸರಸೋಣು. ಉಳಿದದ್ದು ನಾ ನೋಡ್ಕೊಂತೀನಿ. ಶನಿವಾರ ಕೆಟ್ಟರ ನೀವು ಹೇಳಿದಂಗ."

ಮೇಜು ಗೋಡೆಯಿಂದ ಒಂದು ಮೊಳ ಈಚೆ ಬಂತು. ಬಡಿತ ಕಡಿಮೆಯಾಯಿತು, ಹೋಗಲಿಲ್ಲ, ನೆಲದಿಂದ ಬರುತ್ತಿತ್ತು. ಅಂದು ಸಂಜೆ ಅವಳು ಮನೆಯಲ್ಲಿ ಒಂದು ದಪ್ಪ ಕೌದಿ ಕೇಳಿದಳು. ಯಾಕೆಂದು ಬಸಲಿಂಗಮ್ಮ ಕೇಳಿದಳು. ಉಚ್ಚಂಗೆಮ್ಮ ಎಲ್ಲವನ್ನೂ ಹೇಳಿದಳು, ರೊಟ್ಟಿಯ ಸದ್ದು ಬಳ್ಳಾರಿಗೆ ಹೋದದ್ದೂ ಸೇರಿ.

"ಬಡಿಯೋ ಸದ್ದು ಬಳ್ಳಾರಿಗೆ ಕೇಳತೈತಾ?" ಬಸಲಿಂಗಮ್ಮ ಇಷ್ಟು ಗಂಭೀರವಾಗಿ ಯಾವುದನ್ನೂ ಕೇಳಿರಲಿಲ್ಲ. "ಈ ಮನ್ಯಾಗ ಪಡಸಾಲಿಗೇ ಕೇಳಿಲ್ಲಲ್ಲವ್ವಾ."

ಬೊಮ್ಮಪ್ಪ ಪಡಸಾಲೆಯಲ್ಲೇ ಕೂತಿದ್ದ. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ, ಮತ್ತೆ ಶುರು ಮಾಡಿದ.

ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಬಸಲಿಂಗಮ್ಮ ತಾನೇ ಹೊಲಿದಿದ್ದ ಕೌದಿ ಟ್ರಂಕಿನಿಂದ ಹೊರಬಂತು. ಶುಕ್ರವಾರ ಉಚ್ಚಂಗೆಮ್ಮ ಮೇಜಿನ ಕಾಲುಗಳ ಕೆಳಗೆ ಶೇಂಗಾ ಹೊಟ್ಟಿನ ಚಿಕ್ಕ ಚೀಲಗಳನ್ನು ಇಟ್ಟು ನೋಡಿದಳು. ನಕ್ಷತ್ರಗಳು ಅರ್ಧವಾದವು. ಆಮೇಲೆ ಅದಕ್ಕೆ ಕೌದಿ ಸೇರಿಸಿದಳು. ಮಡಿಸಿ ಪೆಟ್ಟಿಗೆಯ ಕೆಳಗೆ ಹಾಸಿ, ಉಳಿದ ಸೆರಗನ್ನು ರಿಸೀವರಿನ ಮೇಲೆ ಮಗುವಿಗೆ ಹೊದಿಸಿದ ಹಾಗೆ ಹೊದಿಸಿದಳು. ಒಂದಾದ ಮೇಲೆ ಒಂದು. ಗೋಡೆಯಾಚೆ ಸದ್ದು ಇತ್ತು. ಗಂಗಪ್ಪ ಕಡೆಯ ಸಾಲಿನಲ್ಲಿ ಒಂದೇ ಒಂದು ಕೊಕ್ಕೆ ಸಿಕ್ಕಿತೆಂದ. ಅವಳು ಬಟ್ಟಲಿನ ಸುತ್ತ ಕೌದಿಯ ಇನ್ನೊಂದು ಮಡಿಕೆ ತುರುಕಿದಳು.

ಶನಿವಾರ ಬೆಳಗಿನಲ್ಲಿ ಸೋಮಪ್ಪ ಮೊದಲ ಬಾರಿಗೆ ಆರಕ್ಕೆ ಬಂದ. ಬಳ್ಳಾರಿಯಲ್ಲಿ ದೊಡ್ಡ ಸಾಹೇಬರು ಗಂಗಪ್ಪನ ಪಕ್ಕದಲ್ಲಿ ಕೂತಿದ್ದರು. ಗಾದಿಲಿಂಗಪ್ಪ ರೊಟ್ಟಿಗೆಂದು ಸೈಕಲ್ ತಂದವನು ಬಾಗಿಲಲ್ಲಿ ನಿಂತ. ಅವನ ಹಿಂದಿನಿಂದ ಬಸಲಿಂಗಮ್ಮ ಬಂದಳು, ಬಂದವಳು ಕಚೇರಿಗೆ ಬರದೆ ಸೀದಾ ಸುಂಕಮ್ಮನ ಅಡುಗೆಮನೆಗೆ ಹೋದಳು.

"ಸರಿ ಅತ್ತಾಗ," ಎಂದಳು ಸುಂಕಮ್ಮನಿಗೆ. ಗೋಡೆಯಾಚೆಯಿಂದ ಎಲ್ಲ ಕೇಳುತ್ತಿತ್ತು. "ನೀ ಬಡಿಯೋದು ಒಂದು ಬಡಿಯೋದಾ? ಹೂವು ತಟ್ಟಿದಂಗ ತಟ್ಟತೀಯ. ಪರೀಕ್ಷಾ ಅಂದ್ರ ಪರೀಕ್ಷಾ ಇರ್ಬೇಕು."

"ನಿನ್ನ ತೋಳು ಬಿದ್ದು ಹೋದೀತು ಯಕ್ಕಾ."

"ಒಂದು ರೊಟ್ಟಿಗೆ ಬೀಳಂಗಿಲ್ಲ. ಮನಿ ಮಂದಿಗೆ ದಿನಾ ಬಡಿದೆ, ಇವತ್ತು ನನ್ನ ಖುಷಿಗೆ ಬಡಿತೀನಿ."

ಗೋಡೆ ಅದುರಿತು. ಕಪಾಟಿನ ಗಾಜು ಗಲಗಲ ಎಂದಿತು. ಸೋಮಪ್ಪ ಉಚ್ಚಂಗೆಮ್ಮನ ಮುಖ ನೋಡಿದ. ಅವಳು ಕೌದಿಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಕೈಗೆ ಏನೂ ತಾಗುತ್ತಿರಲಿಲ್ಲ. ಉದ್ದಕ್ಕೂ ಸಿಳ್ಳೆ ಒಂದೇ ಸಮ ಹರಿಯಿತು.

ಕಳಿಸಿ ಮುಗಿದ ಮೇಲೆ ಅವಳು ಹೊದಿಕೆ ಸರಿಸಿ ರಿಸೀವರ್ ಎತ್ತಿ ಕಿವಿಗಿಟ್ಟಳು.

"ಕೊಟ್ಟೂರು," ಎಂದ ಗಂಗಪ್ಪ. ಪಕ್ಕದಲ್ಲಿ ಸಾಹೇಬರಿದ್ದುದರಿಂದ ಅವನ ದನಿ ಇಸ್ತ್ರಿ ಮಾಡಿದ ಹಾಗಿತ್ತು. "ಎಲ್ಲ ಸರಿಯಾಗಿ ಬಂದಿದೆ ಅಂತ ಸಾಹೇಬರು ತಿಳಿಸ್ತಿದ್ದಾರೆ." ಆಮೇಲೆ ತಗ್ಗಿದ ದನಿಯಲ್ಲಿ, "ಮಣ್ಣು ಸೈತ ಹತ್ತಿಲ್ಲವಾ."

ಗಾದಿಲಿಂಗಪ್ಪ ರೊಟ್ಟಿಯ ಗಂಟು ಹ್ಯಾಂಡಲಿಗೆ ಕಟ್ಟಿಕೊಂಡು, ಅವ್ವನನ್ನು ಹಿಂದೆ ಕೂರಿಸಿಕೊಂಡು ಹೋದ. ಗಿರಣಿಗೆ ತಡವಾಗಿತ್ತು. ಅದನ್ನು ಯಾರ ಮೇಲೂ ಹಾಕಲಿಲ್ಲ.

ಸಂಕ್ರಾಂತಿಯ ನಂತರ ಅವಳ ಕೆಲಸ ಕಾಯಂ ಆಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಅದರ ಮುಂದಿನದಕ್ಕೆ ಹರಪನಹಳ್ಳಿ, ಹಡಗಲಿ. ಎಲ್ಲ ಕಡೆಯೂ ಪೆಟ್ಟಿಗೆ ಇಟ್ಟವಳು, ಕಲಿಸಿದವಳು ಅವಳೇ. ಆ ಹೊತ್ತಿಗೆ ರಬ್ಬರ್ ಬಟ್ಟಲು ಹೋಗಿ, ವಾಯರನ್ನು ನೇರವಾಗಿ ಚುಚ್ಚುವ ಹೊಸ ಪೆಟ್ಟಿಗೆಗಳು ಬರತೊಡಗಿದ್ದವು. ಅವಕ್ಕೆ ರೊಟ್ಟಿಯ ಸದ್ದು ಕೇಳುತ್ತಿರಲಿಲ್ಲ. ಆದರೂ ಹಡಗಲಿಗೆ ಹೋದ ದಿನ ಉಚ್ಚಂಗೆಮ್ಮ ಪೆಟ್ಟಿಗೆಯನ್ನು ಬಿಚ್ಚುವ ಮುಂಚೆ ಗೋಡೆಯ ಮೇಲೆ ಅಂಗೈ ಇಟ್ಟು, ಆಚೆ ಏನಿದೆ ಎಂದು ಕೇಳಿದಳು.

"ನಮ್ಮನಿ ಅಡಗಿಮನಿ ಐತ್ರಿ" ಎಂದಳು ಅಲ್ಲಿ ಕಲಿಯಲು ಬಂದಿದ್ದ ದುರುಗಮ್ಮ. ಹೊಸದಾಗಿ ಮದುವೆಯಾದವಳು, ಟೈಪಿಂಗ್ ಬಲ್ಲವಳು. ಮುಂದಿನ ಪ್ರಶ್ನೆ ತಾನಾಗಿಯೇ ಗೊತ್ತಿದ್ದವಳಂತೆ ತಲೆ ತಗ್ಗಿಸಿ, "ನನಗ ಅನುಭವ ಏನಿಲ್ರಿ ಮೇಡಮ್ಮಾರ" ಎಂದಳು.

"ಅದನ್ನ ಆಮ್ಯಾಲೆ ನೋಡೋಣು," ಎಂದಳು ಉಚ್ಚಂಗೆಮ್ಮ, ಕುರ್ಚಿ ಎಳೆದು ಅವಳನ್ನು ಕೂರಿಸುತ್ತ. "ಮೊದ್ಲು ಇದು ಹೇಳು. ಇಷ್ಟು ಮುಂಜಾನೆ ನೀ ಇಲ್ಲಿ ಬಂದು ಕುಂತೀಯಲ್ಲ, ಆಚೀಕಡಿ ರೊಟ್ಟಿ ಯಾರು ಬಡಿಯಾಕತ್ಯಾರ?"